ಹತ್ತಿಯುಂಡೆಯ ಒಂದು ಗಂಟೆ

ಒಲೆ ಹಚ್ಚಿದ್ದಾಯಿತು. ನಲ್ಲಿ ನಿಲ್ಲುವ ಮುಂಚೆ ಎರಡು ಡ್ರಮ್ಮು ನೀರು ತುಂಬಿದ್ದಾಯಿತು. ಅತ್ತೆಯ ಮಾತ್ರೆ ಬಿಡಿಸಿ ಲೋಟದ ಪಕ್ಕ ಇಟ್ಟು, ಮಗಳ ಊಟದ ಡಬ್ಬಿ ಕಟ್ಟಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಆರು ಯೂನಿಫಾರ್ಮುಗಳ ಕಾಲರು ಹೊಲಿಯುವ ಹೊತ್ತಿಗೂ ಹೊರಗೆ ಬೆಳಕು ಹರಿದಿರಲಿಲ್ಲ. ಇಷ್ಟರ ನಡುವೆ ಟೈಲರಮ್ಮನ ನಾಲಿಗೆ ಮಾತ್ರ ಬೇರೆ ಕೆಲಸವಿಲ್ಲದಂತೆ ಎಡಗಡೆ ಕೋರೆಹಲ್ಲಿನ ಪಕ್ಕದ ಖಾಲಿ ಜಾಗಕ್ಕೆ ಹೋಗಿ ಬರುತ್ತಲೇ ಇತ್ತು.

ಹಲ್ಲು ಕೀಳಿಸಿ ಹನ್ನೆರಡು ದಿನ. ನೋವು ಹೋಗಿತ್ತು, ಹಲ್ಲು ಹೋಗಿರಲಿಲ್ಲ. ಬಿಸಿನೀರು ತಾಗಿದರೆ ಇಲ್ಲದ ಹಲ್ಲೇ ಝುಂ ಎನ್ನುತ್ತಿತ್ತು. ಬೇರಿನ ಚೂರು ಉಳಿದಿದೆಯೋ, ಒಳಗೇ ಕೀವಾಗುತ್ತಿದೆಯೋ ಎಂದು ಕನ್ನಡಿಯ ಮುಂದೆ ಬಾಯಿ ತೆರೆದರೆ ಕಂಡದ್ದು ಬರೀ ಕತ್ತಲೆ. ವಾರ ಬಿಟ್ಟು ಬಂದು ತೋರಿಸಿ ಎಂದಿದ್ದರು ಡಾಕ್ಟರು. ಆ ದಿನ ಅತ್ತೆಗೆ ಜ್ವರ.

ಕೊನೆಯ ಕಾಲರು ಮುಗಿಸಿ ದಾರ ಕಚ್ಚಿದಳು. ಇಪ್ಪತ್ತು ವರ್ಷದ ರೂಢಿ. ಕತ್ತರಿ ಹುಡುಕುವಷ್ಟು ಪುರುಸೊತ್ತು ಯಾವತ್ತಿತ್ತು? ದಾರ ಸಂದಿಯೊಳಗೆ ನುಸುಳಿ, ತುಂಡಾಗದೆ ಹಾಗೇ ಹೊರಬಂತು.

ಗಂಡ ನಕ್ಕ. "ಒಳ್ಳೇ ಕತ್ತರೀನೇ ಕೀಳಿಸ್ಕೊಂಡು ಬಂದ್ಯಲ್ಲೇ!"

"ಇವತ್ತು ಒಂದ್ಸಲ ತೋರಿಸ್ಕೊಂಡು ಬರ್ತೀನಿ. ಡಾಕ್ಟರು ಹನ್ನೊಂದರವರೆಗೂ ಇರ್ತಾರಂತೆ."

"ಇಲ್ಲದ ಹಲ್ಲನ್ನ ಏನಂತ ತೋರಿಸ್ತೀಯ? ಮುಂದಿನ ವಾರ ನೋಡಿದ್ರಾಯ್ತು ಬಿಡು."

"ನನ್ನ ಸ್ನಾನಕ್ಕೆ ನೀರು ಯಾರು ಕಾಯಿಸ್ತಾರೆ?" ಒಳಗಿನಿಂದ ಅತ್ತೆ.

ಹೆದರಿಕೆ ನಿಜ. ಆದರೆ ಅದರ ಬೆನ್ನಿಗೇ ಇನ್ನೊಂದಿತ್ತು, ಹೇಳಿದರೆ ನಗುವಂಥದ್ದು. ಅವಳಿಗೆ ಆ ಕುರ್ಚಿ ಬೇಕಿತ್ತು. ಹಿಂದಕ್ಕೆ ಒರಗಿದ ಕುರ್ಚಿ, ಮುಖದ ಮೇಲೆ ದೀಪ. ಕೀಳಿಸಿದ ದಿನ ಹಲ್ಲು ನೋಡಿ ಡಾಕ್ಟರು "ಸೀಳಿಬಿಟ್ಟಿದೆ. ತುಂಬಾ ಹಲ್ಲು ಕಚ್ತೀರಾ?" ಎಂದಾಗ, "ಕಚ್ಚದೆ ಸಂಸಾರ ಆಗುತ್ತಾ ಸಾರ್?" ಅಂದಿದ್ದಳು. ಪಕ್ಕದ ನರ್ಸು ನಕ್ಕು ಅವಳ ಹಣೆಯ ಮೇಲೆ ಕೈಯಿಟ್ಟಿದ್ದಳು. "ನೀವೇನೂ ಮಾಡ್ಬೇಡಿ ಅಕ್ಕಾ. ಸುಮ್ನೆ ಮಲಗಿ." ಏನೂ ಮಾಡಬೇಡ ಎಂಬ ಮಾತನ್ನು ಕೊನೆಯ ಸಲ ಅಂದವರು ಯಾರು? ಅಮ್ಮ ಇರಬೇಕು, ಬಾಣಂತನದಲ್ಲಿ.

ಆಮೇಲೆ ಹಲ್ಲು ಕಿತ್ತ ಜಾಗಕ್ಕೆ ಹತ್ತಿಯುಂಡೆ. ಒಂದು ಗಂಟೆ ಬಾಯಿ ಬಿಡಕೂಡದು. "ಸಕ್ಕರೆ ಡಬ್ಬಿ ಎಲ್ಲೇ?" ಎಂದು ಮನೆಯಲ್ಲಿ ಗಂಡ ಕೇಳಿದರೆ ಊದಿದ ಕೆನ್ನೆ ತೋರಿಸಿದ್ದಳು. ಅವನೇ ಹುಡುಕಿಕೊಂಡ, ಅದು ಅವನ ಕಣ್ಣೆದುರಿಗೇ ಇತ್ತು. ಕಿಟಕಿಯ ಬಳಿ ಕೂತು, ತಾನಿಲ್ಲದೆ ಮನೆ ಸದ್ದು ಮಾಡುವುದನ್ನು ಕೇಳಿದಳು. ಗಂಟೆ ತುಂಬಿ ಹತ್ತಿ ತೆಗೆದಾಗ ರಕ್ತ ನಿಂತಿತ್ತು. ನಿಲ್ಲಬಾರದಿತ್ತು ಅನ್ನಿಸಿತ್ತು.

ಒಂಬತ್ತೂವರೆಗೆ ಗಂಡ, ಮಗಳು ಹೊರಟರು. ಅತ್ತೆಯ ಬಕೆಟ್ಟಿಗೆ ಬಿಸಿನೀರು ಸುರಿದು, ಟವೆಲು ಕೈಗೆಟಕುವಂತೆ ಹಾಕಿ ಬಂದಳು. ಮಿಷನ್ನಿನ ಮೇಲೆ ಗುಂಡಿ ಹಚ್ಚಬೇಕಾದ ಆರು ಯೂನಿಫಾರ್ಮು. ನಾಲಿಗೆ ಸಂದಿಗೆ ಹೋಯಿತು. ಡಾಕ್ಟರು "ಏನೂ ಆಗಿಲ್ಲ, ಹೋಗಿ" ಅಂದುಬಿಟ್ಟರೆ? ಅನ್ನಲಿ. ಅಲ್ಲಿಯವರೆಗಾದರೂ ಒರಗಿರಬಹುದು.

ಮಿಷನ್ನಿಗೆ ಬಟ್ಟೆ ಮುಚ್ಚಿದಳು. ಅಂಗಡಿಗೋ ಗಿರಣಿಗೋ ಓಡುವಾಗ ಬಾಗಿಲಿಗೆ ನೇತುಹಾಕುವ ಸ್ಲೇಟು ತೆಗೆದಳು. ಅದರಲ್ಲಿ ವರ್ಷಗಳಿಂದ ಒಂದೇ ಬರಹ: ಹತ್ತು ನಿಮಿಷದಲ್ಲಿ ಬರುತ್ತೇನೆ. ಚೂರು ಬಟ್ಟೆ ಒದ್ದೆ ಮಾಡಿ 'ಹತ್ತು ನಿಮಿಷದಲ್ಲಿ' ಎಂಬುದನ್ನಷ್ಟೇ ಒರೆಸಿದಳು. ಉಳಿದದ್ದನ್ನು ಮೊಳೆಗೆ ತಗುಲಿಸಿ, ಮೆಟ್ಟಿಲಿಳಿದಳು.