ಬ್ಯಾರನ್ನಿನಲ್ಲಿ ಬಿದ್ದ ಹೀರೋ

ಅರವತ್ತು ದಾಟಿದ ನನ್ನ ಗಂಡನಿಗೆ ಸಿನಿಮಾದಲ್ಲಿ ಪಾರ್ಟು ಸಿಕ್ಕಿತು ಎಂದರೆ ಊರು ನಗಬೇಕಿತ್ತು. ನಮ್ಮೂರು ನಂಬಿಬಿಟ್ಟಿತು. ಎಡವಟ್ಟಾಗಿದ್ದು ಅಲ್ಲೇ.

ಒಂದೇ ಏಟಿಗೆ ಹತ್ತು ಜನರನ್ನು ಉರುಳಿಸುತ್ತಿದ್ದ ಹೀರೋ ಒಬ್ಬರಿದ್ದರಲ್ಲ, ನಮ್ಮ ಯಜಮಾನರು ಪ್ರಾಯದಲ್ಲಿ ಅವರ ಹಾಗೇ ಕ್ರಾಪು ಬಿಟ್ಟು, ಹುಣಸೂರಿನ ಟಾಕೀಸಿನ ಮುಂದೆ ಟಿಕೆಟ್ಟಿಗಾಗಿ ಅಂಗಿ ಹರಿದುಕೊಂಡವರು. ಈಗ ಆ ಹೀರೋಗೂ ವಯಸ್ಸಾಗಿದೆ, ದೊಡ್ಡ ಸಿನಿಮಾದವರು ಕರೆಯುವುದಿಲ್ಲ. ಯಾರೋ ಹೊಸಬರು ಅವರನ್ನೇ ಇಟ್ಟುಕೊಂಡು, ಕಡಿಮೆ ಖರ್ಚಿನಲ್ಲಿ ಒಂದು ಕಳ್ಳ-ಪೊಲೀಸ್ ಸಿನಿಮಾ ತೆಗೆಯಲು ಬಂದರು. ಕಳ್ಳರ ಅಡ್ಡೆಗೆಂದು ನಮ್ಮ ಬ್ಯಾರನ್, ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ಕೇಳಿದರು. ಸೊಪ್ಪು ಬೇಯಿಸುವ ಕಾಲ ಮುಗಿದು ಅದು ಖಾಲಿ ಇತ್ತು.

ಬ್ಯಾರನ್ನಿನ ಒಳಗೆ ಸೊಪ್ಪು ನೇತುಹಾಕಲು ಗೋಡೆಯಿಂದ ಗೋಡೆಗೆ ಅಡ್ಡಮರಗಳಿರುತ್ತವೆ, ಸೂರಿನವರೆಗೂ. ಪೊಲೀಸ್ ವೇಷದ ಹೀರೋ ಅವನ್ನು ಹತ್ತಿ ಮೇಲಿಂದ ಕಳ್ಳನ ಮೇಲೆ ಹಾರಬೇಕು. ಪಾಪ, ಅವರಿಗೆ ಮೊದಲನೇ ಮರಕ್ಕೇ ಕಾಲೆತ್ತಲು ಆಗಲಿಲ್ಲ. ಬೆಂಗಳೂರಿಂದ ಡೂಪ್ ಕರೆಸುವ ಶಕ್ತಿ ಸಿನಿಮಾದವರಿಗಿರಲಿಲ್ಲ. ನಮ್ಮವರು ತಡೆಯಲಾರದೆ, "ನಾನು ಅತ್ತೀನಿ ಬುಡಿ ಸಾರ್, ವರ್ಷಾ ವರ್ಷಾ ಸೊಪ್ಪು ತುಂಬೋನು ನಾನೇಯ" ಎಂದರು. ಖಾಕಿ, ವಿಗ್ಗು, ಬೂಟು ಎಲ್ಲಾ ಹಾಕಿಸಿದರು. ಬರಿಗಾಲಲ್ಲಿ ಹತ್ತುವ ಮನುಷ್ಯನಿಗೆ ಬೂಟು ಯಾಕೆ ಬೇಕಿತ್ತು? ಹೇಗೋ ಹತ್ತಿದರು. ಹಾರುವಾಗ ಜಾರಿ, ದೊಪ್ಪನೆ ಬಿದ್ದು, ಏಳಲಾರದೆ ಸೊಂಟ ಹಿಡಿದುಕೊಂಡು ಒದ್ದಾಡಿದರು. ಮಜ್ಜಿಗೆ ತಂದಿದ್ದ ನಾನು ಬಾಗಿಲಲ್ಲೇ ನಿಂತು ನೋಡಿದೆ. ಊರಿನವರ್‍ಯಾರೂ ಒಳಗಿರಲಿಲ್ಲ.

ಊರಿಗೆ ನಮ್ಮ ಯಜಮಾನರು ಹೇಳಿದ್ದು "ಪೊಲೀಸ್ ಪಾರ್ಟು" ಅಂತ ಮಾತ್ರ. ಡೂಪ್ ಎಂಬ ಮಾತನ್ನು ಎತ್ತಲೇ ಇಲ್ಲ.

ಹುಣಸೂರಿಗೆ ಸಿನಿಮಾ ಬಂದಾಗ ಬೀದಿಯ ಜನವೆಲ್ಲ ಲಗೇಜ್ ಆಟೋ ಮಾಡಿಕೊಂಡು ಹೊರಟೆವು. ಪೊಲೀಸ್ ಕಂಡಾಗಲೆಲ್ಲ ನಮ್ಮೂರಿನವರು ಶಿಳ್ಳೆ ಹೊಡೆದರು. ಕೊನೆಗೆ ನಮ್ಮ ಬ್ಯಾರನ್ ಬಂತು. ಅಯ್ಯೋ ಶಿವನೇ, ಆ ಬಿದ್ದದ್ದನ್ನೇ ಇಟ್ಟುಬಿಟ್ಟಿದ್ದರು, ಬೆನ್ನ ಕಡೆಯಿಂದ, ಮುಖ ಕಾಣದ ಹಾಗೆ! ಟಾಕೀಸೆಲ್ಲಾ ಗೊಳ್ಳೆಂದಿತು.

"ಹೀರೋ ಎದ್ದೇಳಾಕೂ ಆಯ್ತಿಲ್ಲ ನೋಡ್ಲಾ!"

"ಮುದುಕ ಆದ್ರೂ ತಾನೇ ಮರ ಅತ್ತವ್ನೆ ಕಣ್ಲಾ, ಮೆಚ್ಬೇಕು" ಎಂದ ಹಿಂದಿನ ಸೀಟಿನವನು.

ನನಗೆ ಸೀಟಿನ ಕೆಳಗೆ ನುಗ್ಗಿಬಿಡುವಷ್ಟು ನಾಚಿಕೆ. ಪಕ್ಕದಲ್ಲಿ ಇವರು ಕೈಕಟ್ಟಿ ಕೂತಿದ್ದರು.

ಹೊರಗೆ ಬಂದಮೇಲೆ ಮೈದುನ ಶುರು ಮಾಡಿದ. "ಎಲ್ಲಣ್ಣ ನಿನ್ನ ಪಾರ್ಟು? ಊರಿಗೆಲ್ಲ ಬುರುಡೆ ಬುಟ್ಯಲ್ಲ!"

"ಕತ್ತರಿಸ್ಬುಟ್ಟವ್ರೆ ಕಣ್ಲಾ" ಎಂದರು ಇವರು, ನೆಲ ನೋಡುತ್ತಾ.

ಎಲ್ಲರೂ ನಕ್ಕರು. ನನ್ನ ಬಾಯಿ ಮೊದಲೇ ಒಳ್ಳೆಯದಲ್ಲ. "ಥೂ, ನಿಮ್ ಬಾಯಿಗೆ ಮಣ್ಣಾಕ! ಅತ್ತಿದ್ದೂ ಇವ್ರೇ, ಬಿದ್ದಿದ್ದೂ ಇವ್ರೇ. ಆ ನಿಮ್ ಹೀರೋಗೆ ಒಂದು ಮರ ಅತ್ತಾಕಾಗ್ಲಿಲ್ಲ, ನಾನೇ ಕಣ್ಣಾರೆ ನೋಡಿವ್ನಿ!" ಎಂದು ಕೂಗಿಬಿಟ್ಟೆ. ಟಾಕೀಸಿಂದ ಬರುತ್ತಿದ್ದ ಬೇರೆ ಊರಿನ ಜನವೂ ನಿಂತು ಕೇಳಿದರು. "ಓಹೋ, ಅದೂ ಡೂಪಾ!" ಎಂದು ಯಾರೋ ನಕ್ಕರು.

ಗಂಡನ ಮಾನ ಉಳಿಸಿದೆ ಎಂದು ಬೀಗುತ್ತಾ ತಿರುಗಿ ನೋಡಿದರೆ, ಇವರ ಕಣ್ಣಲ್ಲಿ ನೀರು. ನನ್ನನ್ನು ಆಟೋದ ಮರೆಗೆ ಕರೆದುಕೊಂಡು ಹೋದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಿದ್ದ ಅಂತ ನಕ್ಕಂಡಿದ್ರೆ ನಕ್ಕಳ್ಳಿ ಬುಡು. ಈ ವಯಸ್ಸಲ್ಲೂ ತಾನೇ ಮರ ಅತ್ತವ್ನೆ ಅಂತಿದ್ರಲ್ಲೇ" ಎಂದರು. "ನಮ್ ಹೀರೋಗೆ ಅದೊಂದೇ ಉಳ್ಕಂಡಿತ್ತು. ಅದ್ನೂ ಕಿತ್ಕಂಬುಟ್ಟೆ."