ಗುಡ್ಡದ ಶಾಲೆಗೆ ಎರಡನೇ ನಂಬರು

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲವೂ ಜೋಡಿ. ನೀರಿನ ಬಾಟಲಿ ಎರಡು, ಬಿಳಿ ಕ್ಯಾನ್ವಾಸ್ ಶೂ ಎರಡು ಜೊತೆ, ಜ್ವರ ಬಂದರೂ ಇಬ್ಬರಿಗೆ. ನಾನು ನಿಶಾ. ನನಗಿಂತ ಹನ್ನೊಂದು ನಿಮಿಷ ತಡವಾಗಿ ಹುಟ್ಟಿದವನು ನಿಶಾಂತ. ಪೆಟಾಲಿಂಗ್ ಜಯಾದ ಹಳೆಯ ಫ್ಲಾಟೊಂದರ ನಾಲ್ಕನೇ ಮಹಡಿಯಲ್ಲಿ ಬೆಳೆದೆವು. ಅಪ್ಪ ಉಡುಪಿ ಕಡೆಯವರು, ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಅಳತೆ ಅವರ ಕಸುಬು. ಮಾವಿನಹಣ್ಣು ಕೊಯ್ದರೆ ಎರಡು ಹೋಳನ್ನೂ ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ಒಂದು ಭಾರ ಅನ್ನಿಸಿದರೆ ಅದರಿಂದ ತೆಳ್ಳಗೆ ಒಂದು ಚೂರು ಕತ್ತರಿಸಿ ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಇಬ್ಬರಿಗೂ ಸಮ ಅನ್ನುವುದು ನಮ್ಮ ಮನೆಯ ಕಾನೂನು ಎಂದು ನಾನು ಹನ್ನೆರಡು ವರ್ಷ ನಂಬಿದ್ದೆ. ಎಂಥ ಪೆದ್ದಿ ನಾನು!

ಆರನೇ ತರಗತಿಯ ಕೊನೆಯ ತಿಂಗಳುಗಳು ಅವು. ಮಧ್ಯಾಹ್ನ ಮೂರಾಯಿತೆಂದರೆ ಆಕಾಶ ಕಪ್ಪಾಗಿ, ಕಿವಿ ಕಿವುಡಾಗುವಂತೆ ಗುಡುಗಿ, ಒಂದು ಗಂಟೆ ಸುರಿದು ನಿಲ್ಲುತ್ತಿತ್ತು. ಆ ಒಂದು ಗಂಟೆ ನಾನೂ ನಿಶಾಂತನೂ ಬಾಲ್ಕನಿಯಲ್ಲಿ ಚೆನ್ನೆಮಣೆ ಆಡುತ್ತಿದ್ದೆವು. ಇಲ್ಲಿಯ ಮಲಯ್ ಮನೆಗಳಲ್ಲೂ ಅದೇ ಆಟ, ಹೆಸರು ಬೇರೆ. ಅಮ್ಮ ಅದನ್ನು ಸಂತೆಯಲ್ಲಿ ಕಂಡು, “ಅಯ್ಯೋ, ನಮ್ಮ ಆಟ ಇಲ್ಲಿಗೂ ಬಂದಿದೆ ಮಾರಾಯ್ತಿ,” ಎಂದು ಹೊತ್ತು ತಂದಿದ್ದರು. ಕೆಳಗೆ ತಮಿಳು ಮುಸ್ಲಿಮರು ನಡೆಸುವ ಹೋಟೆಲು, ಇಲ್ಲಿಯ ಮಾತಿನಲ್ಲಿ ಮಮಕ್ ಅಂಗಡಿ; ಅಲ್ಲಿಂದ ರೊಟ್ಟಿ ಬಡಿಯುವ ಸದ್ದು, ಸುಟ್ಟ ಮಾರ್ಗರಿನ್ ವಾಸನೆ, ಒದ್ದೆ ಡಾಂಬರಿನ ವಾಸನೆ. ನಿಶಾಂತ ಮೋಸ ಮಾಡುತ್ತಿದ್ದ, ನಾನು ಹೊಡೆಯುತ್ತಿದ್ದೆ, ಅವನು ನಗುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷ ಗುಡ್ಡದ ಶಾಲೆಯ ಬ್ಯಾಂಡ್ ಟೀಚರು ನಮ್ಮ ಪ್ರೈಮರಿಗೆ ಬಂದಿದ್ದರು. ಹಲೀಮಾ ಟೀಚರ್ ಅಂತ, ಗಟ್ಟಿ ದನಿಯ ಹೆಂಗಸು. ಅದು ಗುಡ್ಡದ ಮೇಲಿದ್ದ ಸೆಕೆಂಡರಿ ಶಾಲೆ, ಆದ್ದರಿಂದ ನಾವೆಲ್ಲ ಗುಡ್ಡದ ಶಾಲೆ ಅನ್ನುತ್ತಿದ್ದೆವು. ಅಲ್ಲಿ ದೊಡ್ಡ ಬ್ಯಾಂಡ್ ಇತ್ತು. ಮಲಯ್ ಭಾಷೆಯಲ್ಲಿ ಅದಕ್ಕೆ ಪಂಚರಾಗಮ್ ಎನ್ನುತ್ತಾರೆ. ಅಮ್ಮನಿಗೆ ಆ ಶಬ್ದ ಬಹಳ ಹಿಡಿಸಿತ್ತು. ಸಂಗೀತದ ಪೀರಿಯಡ್‌ನಲ್ಲಿ ನಾವೆಲ್ಲ ಪ್ಲಾಸ್ಟಿಕ್ ರೆಕಾರ್ಡರ್ ಊದುತ್ತಿದ್ದೆವು. ಅದನ್ನು ಕೇಳಿ ಹಲೀಮಾ ಟೀಚರ್ ನನ್ನೊಬ್ಬಳನ್ನು ಮುಂದೆ ಕರೆದು ಕೈಗೆ ಕ್ಲಾರಿನೆಟ್ ಕೊಟ್ಟರು.

ಮೊದಲು ಬಾತುಕೋಳಿ ಕೂಗಿದಂತಾಯಿತು, ಕ್ಲಾಸಿಗೆ ಕ್ಲಾಸೇ ನಕ್ಕಿತು. ಬಾಯಲ್ಲಿ ಒಣ ಬೆತ್ತದ ರುಚಿ. ಟೀಚರು ನನ್ನ ಗದ್ದವನ್ನು ಬೆರಳಿನಿಂದ ಸ್ವಲ್ಪ ಕೆಳಗೆ ಒತ್ತಿದರು. ಮತ್ತೆ ಊದಿದೆ. ಒಂದೇ ಒಂದು ಸ್ವರ ಬಂತು, ಆದರೆ ತುಂಬಿ ಬಂತು. ನನ್ನ ಎದೆಯ ಒಳಗೆ ಅಷ್ಟು ದೊಡ್ಡ ಜಾಗ ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. “ಜನವರಿಯಲ್ಲಿ ನನ್ನ ಹತ್ತಿರ ಬಾ, ನಿನ್ನ ಹೆಸರು ಬರೆದಿಟ್ಟುಕೊಳ್ಳುತ್ತೇನೆ,” ಎಂದರು. ಮನೆಗೆ ಹೋಗುವ ವ್ಯಾನಿನಲ್ಲಿ ನಾನು ಯಾರೊಂದಿಗೂ ಮಾತಾಡಲಿಲ್ಲ. ಮಾತಾಡಿದರೆ ಆ ಸ್ವರ ಬಾಯಿಂದ ಹೋದೀತು ಎಂಬ ಭಯ.

ಇಲ್ಲಿ ಶಾಲೆಯ ಹೊಸ ವರ್ಷ ಶುರುವಾಗುವುದು ಜನವರಿಯಲ್ಲಿ. ಅದಕ್ಕೆ ಮುಂಚೆ ಫಾರ್ಮ್ ಬಂತು. ನಮ್ಮ ಏರಿಯಾಕ್ಕೆ ಮೂರು ಸೆಕೆಂಡರಿ ಶಾಲೆ: ಗುಡ್ಡದ್ದು, ಹೈವೇ ಪಕ್ಕದ್ದು, ಮಾರ್ಕೆಟ್ ಹಿಂದಿನದು. ಮೂರಕ್ಕೂ ಒಂದು, ಎರಡು, ಮೂರು ಅಂತ ನಂಬರ್ ಹಾಕಬೇಕು. ಯಾವ ಶಾಲೆಗೆ ಸೀಟಿಗಿಂತ ಅರ್ಜಿ ಹೆಚ್ಚೋ ಅಲ್ಲಿ ಚೀಟಿ ಎತ್ತುತ್ತಾರೆ. ಮೊದಲ ನಂಬರ್ ಕೊಟ್ಟವರ ಚೀಟಿ ಮೊದಲು. ಸೀಟು ಉಳಿದರೆ ಮಾತ್ರ ಎರಡನೇ ನಂಬರಿನವರು. ಗುಡ್ಡದ ಶಾಲೆಯಲ್ಲಿ ಉಳಿಯುವುದಿಲ್ಲ ಅಂತ ಊರಿಗೆಲ್ಲ ಗೊತ್ತು.

ಇದರ ನಡುವೆ ಬ್ರಿಕ್‌ಫೀಲ್ಡ್ಸಿನ ಒಂದು ಹಾಲಿನಲ್ಲಿ ಕನ್ನಡದವರ ದೀಪಾವಳಿ ಊಟ. ಅಲ್ಲಿ ಅಪ್ಪನ ಕಾಲೇಜಿನ ಡಾಕ್ಟರ್ ಅಂಕಲ್, ಮಣಿಪಾಲದವರು, ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ಅಪ್ಪನಿಗೆ ಬುದ್ಧಿ ಹೇಳಿದರು. “ಒಂದೇ ಮನೆಯ ಇಬ್ರು ಒಂದೇ ಶಾಲೆಗೆ ಫಸ್ಟ್ ಹಾಕಿದ್ರೆ ಒಬ್ರ ಚಾನ್ಸ್ ಇನ್ನೊಬ್ರು ತಿಂತಾರೆ, ಭಟ್ರೇ. ಸಿಂಪಲ್ ಲೆಕ್ಕ. ಒಬ್ರನ್ನ ಹಿಂದೆ ಇಡಿ.” ಅವರ ಮಕ್ಕಳಿಬ್ಬರೂ ಮಾಂಟ್ ಕಿಯಾರಾದ ಇಂಟರ್‌ನ್ಯಾಷನಲ್ ಶಾಲೆಯಲ್ಲಿ. ಚೀಟಿ, ಫಾರ್ಮು, ನಂಬರು ಯಾವುದನ್ನೂ ಅವರು ಕಣ್ಣಲ್ಲಿ ಕಂಡವರಲ್ಲ. ಆದರೆ ಡಾಕ್ಟರು. ಅಪ್ಪ ತಲೆಯಾಡಿಸಿದರು.

ಮರುದಿನ ಸಂಜೆ ಊಟದ ಮೇಜಿನ ಮೇಲೆ ಎರಡು ಫಾರ್ಮ್. ಅಪ್ಪ ಅಮ್ಮ ಇಬ್ಬರಿಗೂ ಮಲಯ್ ಓದಲು ಬರುತ್ತಿರಲಿಲ್ಲ. ನಿಶಾಂತನಿಗೆ ಇಂಥದ್ದೆಲ್ಲ ಓದಲು ಬೇಸರ. ಕರೆಂಟ್ ಬಿಲ್ಲಿನಿಂದ ಹಿಡಿದು ಕ್ಲಿನಿಕ್ಕಿನ ಚೀಟಿಯವರೆಗೆ ಮನೆಯ ಕಾಗದವೆಲ್ಲ ಓದಿ ಹೇಳುವುದು ನನ್ನ ಕೆಲಸವಾಗಿತ್ತು. ನನ್ನ ಅಕ್ಷರ ಚೆನ್ನಾಗಿದೆ ಅಂತ ಬರೆಯುವುದೂ ನನ್ನದೇ.

“ಹೆಸರು ಎಲ್ಲಿ, ನಂಬರ್ ಎಲ್ಲಿ, ಅಷ್ಟು ಹೇಳು ಸಾಕು,” ಎಂದರು ಅಪ್ಪ.

“ಹಿಂದಿನ ಪುಟದಲ್ಲಿ ಇನ್ನೂ ಉಂಟಪ್ಪ. ಸಣ್ಣ ಅಕ್ಷರದಲ್ಲಿ.”

“ಅದೆಲ್ಲ ಅವ್ರ ರೂಲ್ಸು. ಅದನ್ನು ಓದ್ಲಿಕ್ಕೆ ಕೂತ್ರೆ ಆಯ್ತು ನಮ್ಮ ಕಥೆ. ಬರಿ. ನಿಶಾಂತಂಗೆ ಗುಡ್ಡದ ಶಾಲೆ ಒಂದು. ನಿಂಗೆ ಹೈವೇ ಪಕ್ಕದ್ದು ಒಂದು, ಗುಡ್ಡದ್ದು ಎರಡು.”

ನಾನು ಪೆನ್ನು ಕೆಳಗಿಟ್ಟೆ. “ಬ್ಯಾಂಡ್ ಬೇಕಾದ್ದು ನಂಗಲ್ವಾ?”

ಅಮ್ಮ ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದವರು ಮಿಕ್ಸಿ ನಿಲ್ಲಿಸಿ ಬಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಿಟ್ಟಿನ ಕೈಯಲ್ಲೇ ನನ್ನ ಜಡೆ ಹಿಂದಕ್ಕೆ ಸರಿಸಿ, ಪ್ರೀತಿಯಿಂದ, ಹೆಮ್ಮೆಯಿಂದ ಹೇಳಿದರು. “ನೀನು ಎಲ್ಲಿ ಹಾಕಿದ್ರೂ ಓದ್ತಿ ಮಗಾ. ಅವ ಹಾಗಲ್ಲ. ಒಳ್ಳೆ ಶಾಲೆ ಇಲ್ದಿದ್ರೆ ಅವ ಕೈತಪ್ಪಿ ಹೋಗ್ತಾನೆ. ನೀನು ಅಕ್ಕ ಅಲ್ವಾ?”

ಹನ್ನೊಂದು ನಿಮಿಷದ ಅಕ್ಕ!

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಈ ಮಾತು ಕೇಳಿದ್ದೀರೋ ನನಗೆ ಗೊತ್ತಿಲ್ಲ. ಕೇಳಿದವರಿಗೆ ನಾನು ವಿವರಿಸಬೇಕಾಗಿಲ್ಲ. ಅದು ಹೊಗಳಿಕೆಯ ವೇಷದಲ್ಲಿ ಬರುವ ಕಳ್ಳತನ. ಹೊಗಳುತ್ತಿರುವಾಗ ಜಗಳವಾಡುವುದು ಹೇಗೆ? ನಾನು ಪೆನ್ನು ತೆಗೆದುಕೊಂಡು, ನನ್ನ ಕೈಯಾರೆ, ನನ್ನ ಚೆಂದದ ಅಕ್ಷರದಲ್ಲಿ, ಅವನ ಫಾರ್ಮಿನಲ್ಲಿ ಒಂದು ಅಂತ, ನನ್ನದರಲ್ಲಿ ಎರಡು ಅಂತ ಬರೆದೆ. ಹಿಂದಿನ ಪುಟ ನಾನಾದರೂ ಓದಬಹುದಿತ್ತು. ಓದಲಿಲ್ಲ. ಕಣ್ಣು ತುಂಬಿತ್ತು, ಹಠವೂ ಇತ್ತು. ಮಡಚಿ ಬ್ಯಾಗಿಗೆ ತುರುಕಿದೆ.

ಚೀಟಿ ಎತ್ತಿದ್ದು ನವೆಂಬರ್ ಕೊನೆಯ ಶನಿವಾರ, ಗುಡ್ಡದ ಶಾಲೆಯ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೇಲೆ ಗರಗರ ಫ್ಯಾನು, ಬಾಗಿಲ ಬಳಿ ತೆಂಗಿನಹಾಲಿನ ಸಿಹಿತಿಂಡಿ ಇಟ್ಟ ಮೇಜು. ಗೋಡೆಗೆ ಒತ್ತಿ ಬ್ಯಾಂಡಿನ ಕಪ್ಪು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ನಾನು ಅತ್ತ ನೋಡಬಾರದು ಎಂದುಕೊಂಡು ಅತ್ತಲೇ ನೋಡುತ್ತಿದ್ದೆ. ಮೊದಲ ನಂಬರ್ ಕೊಟ್ಟವರ ಮಕ್ಕಳು ಮುಂದಿನ ಸಾಲುಗಳಲ್ಲಿ. ನಾನು ಮನೆಯವರ ಜೊತೆ ಬಂದವಳು ಅಷ್ಟೇ.

ಹೆಡ್‌ಮಿಸ್ಟ್ರೆಸ್ ಮೈಕು ತಟ್ಟಿ ನಿಯಮಗಳನ್ನು ಓದಿದರು. ಮೂರನೆಯದೋ ನಾಲ್ಕನೆಯದೋ ನಿಯಮದಲ್ಲಿ ‘ಕೆಂಬಾರ್’ ಎಂಬ ಶಬ್ದ ಬಂತು. ಅವಳಿ ಮಕ್ಕಳು ಅಂತ ಅರ್ಥ. ನಾನು ನೆಟ್ಟಗೆ ಕೂತೆ. ಅವಳಿ ಮಕ್ಕಳಿಬ್ಬರೂ ಒಂದೇ ಶಾಲೆಗೆ ಮೊದಲ ನಂಬರ್ ಕೊಟ್ಟಿದ್ದರೆ ಇಬ್ಬರಿಗೂ ಸೇರಿ ಒಂದೇ ಚೀಟಿ. ಆ ಚೀಟಿ ಬಂದರೆ ಇಬ್ಬರಿಗೂ ಸೀಟು. ಫಾರ್ಮಿನ ಹಿಂದಿನ ಪುಟದಲ್ಲಿ ತಿಳಿಸಿರುವಂತೆ.

ಫಾರ್ಮಿನ ಹಿಂದಿನ ಪುಟದಲ್ಲಿ!

ಅಪ್ಪ ನನ್ನ ಕಡೆ ಬಗ್ಗಿದರು. “ಎಂತ ಹೇಳಿದ್ರು?”

ಅದನ್ನೂ ನಾನೇ ಅನುವಾದ ಮಾಡಿ ಹೇಳಬೇಕಾಯಿತು. ಒಂದು ಶಬ್ದವನ್ನೂ ಬಿಡದೆ ಹೇಳಿದೆ. ಅಪ್ಪ ನನ್ನ ಮುಖ ನೋಡಿ, ಇಷ್ಟು ಅಂದರು. “ಮೊದಲೇ ಹೇಳ್ಬಾರ್ದಿತ್ತಾ ನೀನು?”

ಅಷ್ಟರಲ್ಲಿ ಚೀಟಿ ಎತ್ತಲು ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮಲಯ್ ಹುಡುಗಿಯರಿಬ್ಬರು, ಅವರೂ ಅವಳಿ, ಒಂದೇ ಚೀಟಿಯಲ್ಲಿ ಒಳಗೆ ಬಂದರು. ಅವರ ಅಮ್ಮ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಅತ್ತಳು. ಅದಾಗಿ ಎಂಟೋ ಹತ್ತೋ ಚೀಟಿಯ ನಂತರ ನಿಶಾಂತನ ಹೆಸರು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮ ಕಣ್ಣು ಮುಚ್ಚಿ ಕೈ ಮುಗಿದರು. ಆ ಚೀಟಿಯಲ್ಲಿ ನನ್ನ ಹೆಸರೂ ಇರಬೇಕಿತ್ತು. ಅದೃಷ್ಟ ಕೈಕೊಟ್ಟಿದ್ದರೆ ನಾನು ಅತ್ತು ಮರೆಯುತ್ತಿದ್ದೆ. ಅದೃಷ್ಟ ಬಂದಿತ್ತು, ಸರಿಯಾಗಿ ನಮ್ಮ ಬಾಗಿಲಿಗೇ ಬಂದಿತ್ತು. ನನ್ನನ್ನು ಹೊರಗಿಟ್ಟವರು ನನ್ನ ಅಪ್ಪ ಅಮ್ಮ.

ಆಮೇಲೆ ಮಮಕ್ ಅಂಗಡಿಯಲ್ಲಿ ಖುಷಿಯ ಊಟ. ಇಬ್ಬರಿಗೂ ಎರಡೆರಡು ರೊಟ್ಟಿ, ಒಂದೊಂದು ಲೋಟ ಚಾಕೊಲೇಟಿನ ಮೈಲೋ. ನಾನು ತಟ್ಟೆ ಮುಟ್ಟಲಿಲ್ಲ.

ನಿಶಾಂತನೇ ಬಾಯಿಬಿಟ್ಟ, ಇಲ್ಲಿಯ ಹುಡುಗರಂತೆ ಮಾತಿನ ಕೊನೆಗೆ ‘ಲಾ’ ಸೇರಿಸಿ. “ಡ್ಯಾಡ್, ಅವಳನ್ನೇ ಕಳಿಸಿ ಲಾ. ಐ ಡೋಂಟ್ ಈವನ್ ವಾಂಟ್. ಸ್ವಾಪ್ ಮಾಡಿ ಅಂತ ಕೇಳಿ.”

“ಹುಚ್ಚಾ ನಿಂಗೆ?” ಎಂದರು ಅಪ್ಪ.

“ಆಫೀಸಿಗೆ ಹೋಗಿ ಒಂದು ಮಾತು ಕೇಳಿ ನೋಡಬಹುದಲ್ಲ. ಗೊತ್ತಾಗ್ಲಿಲ್ಲ ಅಂತ,” ಎಂದರು ಅಮ್ಮ, ಮೆತ್ತಗೆ.

“ನಾವು ಹೊರಗಿನವ್ರು. ಕೇಳ್ಲಿಕ್ಕೆ ಹೋಗಿ ಸಿಕ್ಕಿದ್ದೂ ಹೋದ್ರೆ? ಹೋಗ್ಲಿ ಬಿಡು. ಹೈವೇ ಶಾಲೆಯಲ್ಲೂ ಪಾಠವೇ ಮಾಡುದು.”

“ನಾನು ಹೇಳಿದ್ದೆ,” ಎಂದೆ ನಾನು. “ಹಿಂದೆ ಇನ್ನೂ ಉಂಟು ಅಂತ ನಾನು ಹೇಳಿದ್ದೆ. ನೀವು ಬೇಡ ಅಂದ್ರಿ.” ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. ಅಪ್ಪ ಎದುರಾಡಬೇಡ ಅಂದರು. ನಾನು ಮೈಲೋ ಲೋಟವನ್ನು ಮೇಜಿನ ಮೇಲೆ ಮಗುಚಿ ಹಾಕಿದೆ. ಅದು ಅಪ್ಪನ ಪ್ಯಾಂಟಿನ ಮೇಲೆ ಹರಿಯಿತು. ಬೆನ್ನಿಗೆ ಒಂದು ಬಿತ್ತು. ಜೀವನದಲ್ಲಿ ಅಪ್ಪ ನನಗೆ ಹೊಡೆದದ್ದು ಅದೊಂದೇ ಸಲ.

ಜನವರಿಯಲ್ಲಿ ಅವನಿಗೆ ಒಂದು ವ್ಯಾನು, ನನಗೆ ಇನ್ನೊಂದು. ಹಲೀಮಾ ಟೀಚರ್ ಮೊದಲ ವಾರದಲ್ಲೇ ನಿಶಾಂತನನ್ನು ನಿಲ್ಲಿಸಿ, ನಿನ್ನ ಅಕ್ಕ ಎಲ್ಲಿ ಅಂತ ಕೇಳಿದರಂತೆ. ಅವನು ಬ್ಯಾಂಡಿಗೆ ಸೇರಲಿಲ್ಲ. ನನ್ನ ಶಾಲೆಯಲ್ಲಿ ಬ್ಯಾಂಡೇ ಇರಲಿಲ್ಲ. ಲಾರಿಗಳ ಸದ್ದಿಗೆ ಕಿಟಕಿ ಮುಚ್ಚಿಕೊಂಡು ಪಾಠ ಕೇಳುತ್ತಿದ್ದೆವು. ನಾನು ಓದಿದೆ. ಎಲ್ಲಿ ಹಾಕಿದರೂ ಓದುವವಳಲ್ಲವೇ! ಈಗ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಮನೆಗೆ ಯಾರೇ ಬರಲಿ, “ನಾವು ಆಗ್ಲೇ ಹೇಳಿದ್ವಲ್ಲ,” ಎಂದು ಅಮ್ಮ ಶುರು ಮಾಡುತ್ತಾರೆ. ನನ್ನ ಒಂದೊಂದು ಮಾರ್ಕೂ ಅವರ ಪರವಾಗಿಯೇ ಸಾಕ್ಷಿ ಹೇಳಿತು. ಫೇಲಾಗಿದ್ದರೆ ಒಮ್ಮೆಯಾದರೂ ಪಶ್ಚಾತ್ತಾಪ ಪಡುತ್ತಿದ್ದರೇನೋ.

ಕ್ಲಾರಿನೆಟ್ ಇವತ್ತು ಬೇಕಾದರೆ ಕೊಳ್ಳಬಹುದು. ಕೊಂಡಿಲ್ಲ. ಹನ್ನೆರಡು ವರ್ಷದ ಬಾಯಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಿಶಾಂತ ಜೊಹೋರಿನಲ್ಲಿ ಕಾರು ಶೋರೂಮಿನಲ್ಲಿದ್ದಾನೆ. ಹುಟ್ಟುಹಬ್ಬದ ದಿನ ಇಬ್ಬರೂ ಒಂದೊಂದು ಮೆಸೇಜು ಕಳಿಸುತ್ತೇವೆ. ಅವನು ತಪ್ಪು ಮಾಡಿದವನಲ್ಲ, ಆದರೂ ಆ ಶನಿವಾರದಿಂದ ಅವನು ನನ್ನೆದುರು ಸಣ್ಣ ದನಿಯಲ್ಲಿ ಮಾತಾಡುತ್ತಾನೆ. ಒಟ್ಟಿಗೆ ಹುಟ್ಟಿದ ನಮ್ಮಿಬ್ಬರನ್ನು ಹಾಗೆ ಬೇರೆ ಮಾಡಿಟ್ಟರು.

ಹೋದ ತಿಂಗಳು ಫ್ಲಾಟಿಗೆ ಹೋಗಿದ್ದೆ. ಅಪ್ಪ ಪೇಪರ್ ಓದುತ್ತಿದ್ದರು. ಅಮ್ಮ ಬಸಳೆ ಹೆಚ್ಚುತ್ತಿದ್ದರು. ಇಷ್ಟು ವರ್ಷ ಕೇಳದ ಒಂದು ಪ್ರಶ್ನೆಯನ್ನು ನಾನು ಕೇಳಿಯೇಬಿಟ್ಟೆ.

“ಅಪ್ಪ, ಒಂದ್ವೇಳೆ ಓದ್ಲಿಕ್ಕೆ ಹುಷಾರಿದ್ದದ್ದು ನಿಶಾಂತ, ದಡ್ಡಿ ನಾನು ಆಗಿದ್ರೆ? ಆಗ ಯಾರಿಗೆ ಒಂದು ಹಾಕ್ತಿದ್ರಿ?”

ಅಪ್ಪ ಪೇಪರಿನಿಂದ ತಲೆ ಎತ್ತಿದರು. ಯೋಚನೆ ಕೂಡ ಮಾಡಲಿಲ್ಲ.

“ಅವನಿಗೇ. ಅಷ್ಟು ಹುಷಾರಿದ್ದ ಹುಡುಗನನ್ನು ಯಾರಾದ್ರೂ ಹೈವೇ ಶಾಲೆಗೆ ಹಾಕ್ತಾರಾ?”

ಅಮ್ಮನ ಕತ್ತಿ ನಿಂತಿತು. ಅಪ್ಪ ಪೇಪರಿನ ಪುಟ ತಿರುಗಿಸಿದರು.