ಠಾಣೆಯಲ್ಲಿ ಉಡಿ

ಭದ್ರಾವತಿಯ ಹಾರ್ಡ್‌ವೇರ್ ಅಂಗಡಿ ಮಲ್ಲೇಶನ ಹೆಂಡತಿ ಶೀತಲ್‌ಗೆ ಎಡಗಿವಿ ಕೇಳುವುದಿಲ್ಲ. ಹುಟ್ಟಿನಿಂದಲ್ಲ, ಹೋದ ಭಾನುವಾರದಿಂದ. ಒಲೆಯ ಮೇಲೆ ಹಾಲು ಉಕ್ಕಿತೆಂದು ಮಲ್ಲೇಶ ಕೆನ್ನೆಗೆ ಬಾರಿಸಿದ. ಕಿವಿಯ ತಮಟೆ ಹರಿದಿದೆ ಎಂದು ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟರು. ಅದೇನೂ ಮೊದಲ ಏಟಲ್ಲ. ಡಾಕ್ಟರ ಚೀಟಿಯವರೆಗೆ ಬಂದ ಮೊದಲ ಏಟು, ಅಷ್ಟೆ.

ರಾಗಿಗುಡ್ಡದ ತವರಿನಲ್ಲಿ ಕೂತು ಅವಳು ಎಲ್ಲದಕ್ಕೂ ಹೆದರಿದಳು. ದೂರು ಕೊಟ್ಟರೆ ಮಗುವನ್ನು ಕಿತ್ತುಕೊಂಡರೆ? ಕೊಡದಿದ್ದರೆ ಮುಂದಿನ ಏಟು ಮಗುವಿಗೇ ಬಿದ್ದರೆ? ಬಲಗಿವಿ ದಿಂಬಿಗೊತ್ತಿ ನಿದ್ದೆ ಹೋದಾಗ ಕೂಸು ಅಕ್ಷರಾ ಅತ್ತರೆ ಕೇಳೀತೇ? ಈ ಕೊನೆಯ ಹೆದರಿಕೆಯೇ ಅವಳನ್ನು ಎಬ್ಬಿಸಿ ನಿಲ್ಲಿಸಿತು.

‘ಅಪ್ಪಾಜಿ, ನಾನು ಕಂಪ್ಲೇಂಟ್ ಕೊಡ್ತೀನಿ. ಇವತ್ತೇ.’

ಅಪ್ಪ ಶಿವಯೋಗಪ್ಪನವರು ನಿವೃತ್ತ ಮೇಷ್ಟ್ರು. ಬೇಡ ಅನ್ನಲಿಲ್ಲ. ಆದರೆ ಮಗಳು ಹಾಲಿನ ಬಾಟಲಿ ಕುದಿಸಿ ಬರುವಷ್ಟರಲ್ಲಿ ಭದ್ರಾವತಿಗೆ ಫೋನು ಮಾಡಿ ಮುಗಿಸಿದ್ದರು.

‘ಸ್ಟೇಷನ್ನಿಗೆ ಬರ್ತಾ ಇದೀವಿ ಅಂತ ಒಂದು ಮಾತು ತಿಳಿಸಿದೆ. ಹೇಳದೇ ಹೋದರೆ ಬೀಗರು ಬೇಜಾರು ಮಾಡ್ಕೋತಾರೆ.’

ಮಗಳ ಕಿವಿ ಹರಿದವರಿಗೆ ಬೇಜಾರಾಗಬಾರದು! ಭದ್ರಾವತಿಯ ಬಸ್ಸಿನ ದಾರಿಯುದ್ದಕ್ಕೂ ಶೀತಲ್‌ಗೆ ಅಪ್ಪನ ಇಸ್ತ್ರಿ ಮಾಡಿದ ಅಂಗಿ ನೋಡಿದರೂ ಹೇಸಿಗೆಯಾಗುತ್ತಿತ್ತು.

ಬೀಗರು ಬೇಜಾರು ಮಾಡಿಕೊಂಡಿರಲಿಲ್ಲ. ಇವರಿಗಿಂತ ಮೊದಲೇ ಠಾಣೆಗೆ ಬಂದಿದ್ದರು. ಮಲ್ಲೇಶ ಕುರ್ಚಿಯಲ್ಲಿ ಕೂತು ಟೀ ಹೀರುತ್ತಿದ್ದ. ಪಕ್ಕದಲ್ಲಿ ಅವನ ಸೋದರತ್ತೆ ದಾಕ್ಷಾಯಣಿ, ತೊಡೆಯ ಮೇಲೊಂದು ಬಟ್ಟೆ ಚೀಲ. ಹೆಡ್ ಕಾನ್‌ಸ್ಟೇಬಲ್ ಹುಲಿಗೆಮ್ಮ ಬೀಗರು ತಂದ ಬಾಳೆಹಣ್ಣು ಸುಲಿಯುತ್ತಿದ್ದಳು.

‘ಬಾಮ್ಮ, ನಿನ್ನೇ ಕಾಯ್ತಿದ್ವಿ. ನಿಮ್ಮ ಯಜಮಾನ್ರು ತಪ್ಪಾಯ್ತು ಅಂತ ಒಪ್ಕೊಂಡಿದಾರೆ. ಇನ್ನೇನು ಬರೆಯೋದಿದೆ?’

‘ನನ್ನ ಕಿವಿ ಹೋಗಿದೆ ಮೇಡಂ.’

‘ಇನ್ನೊಂದಿದೆಯಲ್ಲ,’ ಎಂದಳು ದಾಕ್ಷಾಯಣಿ. ‘ನಾವೆಲ್ಲ ಎರಡೂ ಮುಚ್ಕೊಂಡೇ ಸಂಸಾರ ಮಾಡಿದ್ವಿ ಮಾರಾಯ್ತಿ.’

ಎಲ್ಲರೂ ನಕ್ಕರು. ಶಿವಯೋಗಪ್ಪನವರೂ ಅರ್ಧ ನಕ್ಕು ನಿಲ್ಲಿಸಿದರು.

ಮಲ್ಲೇಶ ಎದ್ದು ಬಂದು ಅವಳ ಎಡಗಡೆ ಬಗ್ಗಿ ಏನೋ ಪಿಸುಗುಟ್ಟಿದ. ತಾನೇ ಹರಿದ ಕಿವಿಗೆ. ಮಾತೊಂದೂ ಕೇಳಲಿಲ್ಲ, ಗುಟ್ಕಾದ ಬಿಸಿ ಹಬೆ ಮಾತ್ರ ಕತ್ತಿಗೆ ತಾಗಿತು. ಕ್ಷಮೆಯೋ ಬೆದರಿಕೆಯೋ, ಎರಡಕ್ಕೂ ವಾಸನೆ ಒಂದೇ ಇದ್ದೀತು. ಶೀತಲ್ ಮಗುವನ್ನು ತನ್ನಪ್ಪನ ಕೈಗೆ ಕೊಟ್ಟು ಕತ್ತು ಒರೆಸಿಕೊಂಡಳು.

ಅಷ್ಟರಲ್ಲಿ ಹುಲಿಗೆಮ್ಮ ಆಯುಧಪೂಜೆಯ ಕುಂಕುಮದ ಡಬ್ಬಿ ತೆಗೆದು, ನೆಲಕ್ಕೆ ಪೇಪರು ಹಾಸಿ, ‘ಪೂರ್ವಕ್ಕೆ ಮುಖ ಮಾಡಿ ಕೂತ್ಕೋ’ ಎಂದಳು. ದಾಕ್ಷಾಯಣಿಯ ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಹಸಿರು ಬ್ಲೌಸ್ ಪೀಸು ಒಂದೊಂದಾಗಿ ಹೊರಬಂದವು. ಉಡಿ ತುಂಬುವ ಸಾಮಾನು. ತವರಿನಿಂದ ಮಗಳನ್ನು ಕಳಿಸುವಾಗ ತುಂಬುವ ಉಡಿ. ತುಂಬಿಸಿಕೊಂಡರೆ ಮುಗಿಯಿತು, ನೇರ ಗಂಡನ ಮನೆ.

‘ಹೆದರ್ಬೇಡ,’ ಎಂದಳು ಹುಲಿಗೆಮ್ಮ. ‘ಇಲ್ಲಿಂದ ಉಡಿ ತುಂಬಿಸ್ಕೊಂಡು ಹೋದೋರು ಒಬ್ರೂ ವಾಪಸ್ ಬಂದಿಲ್ಲ.’

ಅವರೆಲ್ಲ ಏನಾದರು? ಶೀತಲ್‌ಗೆ ಮೈ ಜುಮ್ಮೆಂದಿತು. ಆ ಕೋಣೆಯಲ್ಲಿ ಬೇರೆ ಯಾರಿಗೂ ಈ ಪ್ರಶ್ನೆ ಹೊಳೆದಂತೆ ಕಾಣಲಿಲ್ಲ.

‘ವೇಲ್ ಒಡ್ಡು,’ ಎಂದಳು ದಾಕ್ಷಾಯಣಿ, ಬೊಗಸೆ ತುಂಬ ಅಕ್ಕಿ ಹಿಡಿದು. ಚೂಡಿದಾರಕ್ಕೆ ಸೆರಗೆಲ್ಲಿಯದು? ವೇಲೇ ಸಾಕಿತ್ತು ಅವಳಿಗೆ.

ಶೀತಲ್ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿ ನಿಂತಳು.

‘ಒಡ್ಡಲ್ಲ ಅತ್ತೆ.’

ದಾಕ್ಷಾಯಣಿ ಕೇಳದವಳಂತೆ ಸುರಿದೇಬಿಟ್ಟಳು. ಅಕ್ಕಿ ಶೀತಲ್ ಕಾಲ ಮೇಲಿಂದ ಜಾರಿ, ಟೀ ಚೆಲ್ಲಿದ ನೆಲದ ಮೇಲೆಲ್ಲ ಹರಡಿತು. ‘ಅಯ್ಯೋ, ಉಡಿಯಕ್ಕಿ ತುಳೀಬಾರದು,’ ಎನ್ನುತ್ತ ಶಿವಯೋಗಪ್ಪನವರು ಮಗುವನ್ನು ಕೆಳಗೆ ಕೂರಿಸಿ, ಮಂಡಿಯೂರಿ ಕಾಳು ಬಳಿಯತೊಡಗಿದರು.

‘ಮೇಡಂ,’ ಎಂದಳು ಶೀತಲ್. ದನಿ ಎಷ್ಟು ಜೋರಾಯಿತೋ ಅವಳಿಗೇ ತಿಳಿಯಲಿಲ್ಲ. ‘ಬರ್ಕೊಳ್ತೀರೋ, ಇಲ್ಲ ಇಲ್ಲಿಂದಲೇ ಎಸ್ಪಿ ಆಫೀಸಿಗೆ ಹೋಗ್ಲೋ? ಅಲ್ಲೂ ಇದನ್ನೇ ಹೇಳ್ತೀನಿ. ಬಾಳೆಹಣ್ಣು, ಅಕ್ಕಿ, ಎಲ್ಲಾ.’

ಹುಲಿಗೆಮ್ಮ ಅರ್ಧ ತಿಂದ ಹಣ್ಣನ್ನು ಮೇಜಿನ ಮೇಲಿಟ್ಟಳು. ಸಾಹೇಬರ ಕೋಣೆಯತ್ತ ನೋಡಿದಳು. ಆಮೇಲೆ ಹಾಳೆ ಎಳೆದುಕೊಂಡಳು.

‘ಓದಿದ ಹುಡುಗೀರ್ನ ಮಾಡ್ಕೊಂಡ್ರೆ ಹಿಂಗೇ,’ ಎಂದಳು ದಾಕ್ಷಾಯಣಿ. ಮಲ್ಲೇಶ ಈಗ ಯಾರ ಕಿವಿಯ ಹತ್ತಿರವೂ ಬಗ್ಗಲಿಲ್ಲ.

ಶೀತಲ್ ಹೇಳುತ್ತ ಹೋದಳು, ಹುಲಿಗೆಮ್ಮ ಮುಖ ಗಂಟಿಕ್ಕಿ ಬರೆಯುತ್ತ ಹೋದಳು. ಕೊನೆಗೆ ಸಹಿಗೆಂದು ಹಾಳೆ ತಿರುಗಿಸಿದಾಗ ನೆಲದ ಮೇಲಿನ ಅಕ್ಷರಾ ಹಿಡಿ ಅಕ್ಕಿಯನ್ನು ಬಾಯಿಗೆ ತುರುಕಿಕೊಂಡಿತ್ತು. ಅಜ್ಜ ನೋಡುತ್ತಲೇ ಕೂತಿದ್ದರು.

ಶೀತಲ್ ಕುಕ್ಕರಿಸಿ, ಎಳೆ ಒಸಡಿನ ಒಳಗೆ ಬೆರಳಾಡಿಸಿ ಒಂದೊಂದೇ ಕಾಳು ಹೊರತೆಗೆದಳು. ‘ಉಗಿ ಪುಟ್ಟಾ. ಗಲೀಜು ಅದು, ಉಗಿ.’

ಜೊಲ್ಲಾದ ಬೆರಳನ್ನು ವೇಲಿಗೆ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು.